ಸೀನಾಯಿ ಬೆಟ್ಟ ಮತ್ತು ಸೇಂಟ್ ಕ್ಯಾಥರೀನ್ ಮಠ: ಮೊದಲು ಮಠ ನೋಡಿ, ಆಮೇಲೆ ಬೆಟ್ಟ ಹತ್ತಿ

ಈಜಿಪ್ಟಿನ ಸೀನಾಯಿ ಬೆಟ್ಟಕ್ಕೆ ಹೋಗುವ ಬಹಳಷ್ಟು ಜನ ಅದನ್ನು ಒಂದೇ ರಾತ್ರಿಯಲ್ಲಿ ಮುಗಿಸಿಬಿಡುತ್ತಾರೆ. ಕೆಂಪು ಸಮುದ್ರದ ದಡದಲ್ಲಿರುವ ಹೋಟೆಲಿನಿಂದ ರಾತ್ರಿ ಹತ್ತು ಗಂಟೆ ಹೊತ್ತಿಗೆ ವ್ಯಾನ್ ಹೊರಡುತ್ತದೆ. ಒಂದು, ಎರಡು ಗಂಟೆಗೆ ಕತ್ತಲಲ್ಲಿ ಹತ್ತಲು ಶುರು. ತುದಿಯಲ್ಲಿ ನೂರಾರು ಜನರ ನಡುವೆ ನಿಂತು ಸೂರ್ಯೋದಯ ನೋಡುತ್ತಾರೆ. ಇಳಿದು ಬಂದು, ನಿದ್ದೆಗಣ್ಣಲ್ಲೇ ಮಠದ ಒಳಗೆ ಒಂದು ಸುತ್ತು ಹಾಕಿ, ಮತ್ತೆ ವ್ಯಾನ್ ಹತ್ತುತ್ತಾರೆ. ಪ್ರಪಂಚದ ಅತಿ ಹಳೆಯ ಕ್ರೈಸ್ತ ಮಠಗಳಲ್ಲಿ ಒಂದನ್ನು ಆಕಳಿಸುತ್ತಾ ನೋಡಿ ಬರುವುದು ಅಂದರೆ ಹೇಗೆ?

ನಾನು ಹೇಳುವ ಕ್ರಮ ಇದರ ತಿರುಗಾ ಮುರುಗಾ. ಮಠದ ಹತ್ತಿರದ ಸೇಂಟ್ ಕ್ಯಾಥರೀನ್ ಊರಲ್ಲಿ ಎರಡು ರಾತ್ರಿ ಉಳಿಯಿರಿ. ಬೆಳಿಗ್ಗೆ ಮಠ ನೋಡಿ. ಮಧ್ಯಾಹ್ನದ ಮೇಲೆ ಬೆಟ್ಟ ಹತ್ತಿ, ಸೂರ್ಯ ಮುಳುಗುವುದನ್ನು ನೋಡಿ ಇಳಿಯಿರಿ. ಬೆಟ್ಟದ ದಾರಿಯಲ್ಲಿ ಸಿಗುವ ಕಲ್ಲಿನ ಕಮಾನು, ಚಿಕ್ಕ ಚಾಪೆಲ್, ಮೆಟ್ಟಿಲು, ಎಲ್ಲದಕ್ಕೂ ಮಠದ ಒಳಗಿರುವ ಯಾವುದಾದರೂ ಒಂದು ವಸ್ತುವಿನ ಜತೆ ನಂಟಿದೆ. ಅದನ್ನು ನೋಡದೆ ಹತ್ತಿದರೆ ಬೆಟ್ಟ ಬರೀ ಬಂಡೆ.

ಜಾಗದ ಪರಿಚಯ, ಚಿಕ್ಕದಾಗಿ

ಬೈಬಲ್ಲಿನ ವಿಮೋಚನಕಾಂಡದಲ್ಲಿ ಮೋಶೆಗೆ ದೇವರು ಉರಿಯುವ ಪೊದೆಯಲ್ಲಿ ಕಾಣಿಸಿಕೊಂಡದ್ದು, ಆಮೇಲೆ ಹತ್ತು ಆಜ್ಞೆಗಳನ್ನು ಕೊಟ್ಟದ್ದು ಇದೇ ಬೆಟ್ಟದಲ್ಲಿ ಎಂಬುದು ನಂಬಿಕೆ. ಯೆಹೂದ್ಯರಿಗೆ, ಕ್ರೈಸ್ತರಿಗೆ, ಮುಸ್ಲಿಮರಿಗೆ ಮೂವರಿಗೂ ಮೋಶೆ ಪ್ರವಾದಿ. ಸ್ಥಳೀಯರು ಬೆಟ್ಟವನ್ನು ಜೆಬೆಲ್ ಮೂಸಾ ಅನ್ನುತ್ತಾರೆ. ಎತ್ತರ 2,285 ಮೀಟರ್. ಬೈಬಲ್ಲಿನ ನಿಜವಾದ ಸೀನಾಯಿ ಇದೇನಾ ಎಂದು ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ. ಹತ್ತಿರದ ಜೆಬೆಲ್ ಸೆರ್ಬಲ್ ಎಂದು ಕೆಲವರು, ಸೌದಿ ಅರೇಬಿಯಾದ ಒಂದು ಬೆಟ್ಟ ಎಂದು ಇನ್ನು ಕೆಲವರು. ಆದರೆ ಸುಮಾರು 1,600 ವರ್ಷಗಳಿಂದ ಯಾತ್ರಿಕರು ಬರುತ್ತಿರುವುದು ಇಲ್ಲಿಗೇ. 4ನೇ ಶತಮಾನದ ಕೊನೆಯಲ್ಲಿ ಎಜೀರಿಯಾ ಎಂಬ ಮಹಿಳೆ ಪಶ್ಚಿಮ ಯೂರೋಪಿನಿಂದ ಇಲ್ಲಿಯ ತನಕ ಬಂದು ಬೆಟ್ಟ ಹತ್ತಿ, ಅದನ್ನು ಬರೆದಿಟ್ಟಿದ್ದಾಳೆ. ಸುತ್ತು ಹಾಕಿ ಹತ್ತುವ ದಾರಿ ಇಲ್ಲ, ಗೋಡೆಯ ಹಾಗೆ ನೆಟ್ಟಗೆ ಹತ್ತಬೇಕು ಎಂದು ಆಕೆ ಅಂದೇ ದೂರಿದ್ದಳು. ಸುತ್ತಿನ ದಾರಿ ಬಂದದ್ದು ಬಹಳ ಆಮೇಲೆ, 19ನೇ ಶತಮಾನದಲ್ಲಿ.

ಹೋಗುವುದು ಹೇಗೆ

ವೀಸಾದಿಂದ ಶುರು ಮಾಡೋಣ. "ಸೀನಾಯಿ ಪರ್ಯಾಯ ದ್ವೀಪಕ್ಕೆ ಮಾತ್ರವಾದರೆ ಏರ್‌ಪೋರ್ಟಿನಲ್ಲೇ ಉಚಿತ ಸ್ಟ್ಯಾಂಪ್ ಸಿಗುತ್ತೆ" ಎಂದು ವಿದೇಶಿಯರು ಬರೆದದ್ದನ್ನು ನೀವು ಓದಿರಬಹುದು. ಅದು ಕೆಲವು ದೇಶಗಳ ಪಾಸ್‌ಪೋರ್ಟ್ ಇರುವವರಿಗೆ ಮಾತ್ರ. ಅದನ್ನು ನಂಬಿಕೊಂಡು ಭಾರತದ ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತಬೇಡಿ. ದೆಹಲಿಯ ಈಜಿಪ್ಟ್ ರಾಯಭಾರ ಕಚೇರಿ ಅಥವಾ ಮುಂಬೈನ ಕಾನ್ಸುಲೇಟಿನಲ್ಲಿ ಆ ಹೊತ್ತಿನ ನಿಯಮ ಕೇಳಿ, ಪೂರ್ತಿ ಈಜಿಪ್ಟಿನ ವೀಸಾ ಮಾಡಿಸಿಕೊಂಡೇ ಹೊರಡಿ. ದುಬೈ, ದೋಹಾ, ಕುವೈತ್‌ನಲ್ಲಿ ಕೆಲಸದಲ್ಲಿರುವ ನಮ್ಮವರು ಅಲ್ಲಿನ ಈಜಿಪ್ಟ್ ಕಚೇರಿಯಲ್ಲೇ ವಿಚಾರಿಸಬಹುದು. ಅವರಿಗೆ ದೂರವೂ ಕಡಿಮೆ.

ಡ್ರೋನ್ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಈಜಿಪ್ಟಿಗೆ ಅನುಮತಿ ಇಲ್ಲದೆ ಡ್ರೋನ್ ತರುವ ಹಾಗಿಲ್ಲ. ಏರ್‌ಪೋರ್ಟಿನಲ್ಲೇ ತಡೆಯುತ್ತಾರೆ.

ಊರು ತಲುಪಲು ಮೂರು ದಾರಿಗಳಿವೆ.

ಶರ್ಮ್ ಎಲ್ ಶೇಖ್‌ಗೆ ವಿಮಾನದಲ್ಲಿ ಬಂದು, ಅಲ್ಲಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ದುಡ್ಡು ಜಾಸ್ತಿ, ಸಮಯ ಕಮ್ಮಿ.

ದಹಬ್‌ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ದಹಬ್ ಸಮುದ್ರದ ದಡದ ಸಣ್ಣ ಊರು, ಶರ್ಮ್‌ನಷ್ಟು ಆಡಂಬರ ಇಲ್ಲ. ಬೇರೆ ಪ್ರಯಾಣಿಕರ ಜತೆ ಸೇರಿ ಗಾಡಿ ಹಂಚಿಕೊಳ್ಳುವುದು ಇಲ್ಲಿ ಸುಲಭ. ಸಮಯ ಇದ್ದವರಿಗೆ ನಾನು ಹೇಳುವುದು ಇದನ್ನೇ.

ಕೈರೋದಿಂದ ಬಸ್ಸಿನಲ್ಲಿ ಏಳೆಂಟು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಸೂಯೆಜ್ ಕಾಲುವೆಯ ಕೆಳಗಿನ ಸುರಂಗ ದಾಟಿ, ಸಮುದ್ರದ ಪಕ್ಕದಲ್ಲೇ ದಕ್ಷಿಣಕ್ಕೆ ಬಂದು, ಆಮೇಲೆ ಬೆಟ್ಟಗಳ ಒಳಕ್ಕೆ ತಿರುಗುತ್ತದೆ. ಬೆಂಗಳೂರಿನಿಂದ ಹೊರಡುವವರು ಮುಂಬೈ ಅಥವಾ ದೆಹಲಿಯಿಂದ ನೇರ ಕೈರೋಗೆ, ಇಲ್ಲವೇ ಗಲ್ಫ್ ಮೂಲಕ ಬರಬಹುದು.

ಯಾವ ದಾರಿಯಲ್ಲಿ ಬಂದರೂ ಚೆಕ್‌ಪೋಸ್ಟ್‌ಗಳು ಇದ್ದೇ ಇರುತ್ತವೆ. ಪ್ರತಿ ಸಲ ಪಾಸ್‌ಪೋರ್ಟ್ ತೋರಿಸಬೇಕು. ಅದನ್ನು ದೊಡ್ಡ ಬ್ಯಾಗಿನ ಅಡಿಯಲ್ಲಿ ಇಡಬೇಡಿ. ಫೋಟೊ ಪ್ರತಿಗಳನ್ನೂ ಇಟ್ಟುಕೊಂಡಿರಿ. ಚೆಕ್‌ಪೋಸ್ಟಿನ, ಪೊಲೀಸರ ಫೋಟೊ ತೆಗೆಯಬೇಡಿ. ಭದ್ರತೆಯ ವಿಷಯದಲ್ಲಿ ಸೀನಾಯಿ ಪರ್ಯಾಯ ದ್ವೀಪದ ಉತ್ತರ ಭಾಗದ ಸ್ಥಿತಿ ಬೇರೆ, ದಕ್ಷಿಣದ ಸ್ಥಿತಿ ಬೇರೆ. ಆದರೂ ಹೊರಡುವ ವಾರ ನಮ್ಮ ರಾಯಭಾರ ಕಚೇರಿಯ ಸೂಚನೆ ಓದಿಯೇ ಹೊರಡಿ.

ಮಂಗಳೂರು, ಬೆಂಗಳೂರಿನ ಕ್ರೈಸ್ತ ಕುಟುಂಬಗಳು ಸಾಮಾನ್ಯವಾಗಿ ಹೋಲಿ ಲ್ಯಾಂಡ್ ಟೂರಿನ ಭಾಗವಾಗಿ ಇಲ್ಲಿಗೆ ಬರುತ್ತವೆ. ಗುಂಪಿನಲ್ಲಿ ಹೋಗುವವರು ಬುಕ್ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಸೇಂಟ್ ಕ್ಯಾಥರೀನ್‌ನಲ್ಲಿ ಎಷ್ಟು ರಾತ್ರಿ? ನಾವು ಹೋಗುವ ದಿನ ಮಠ ತೆರೆದಿರುತ್ತದಾ? ಎರಡಕ್ಕೂ ನೇರ ಉತ್ತರ ಬರದಿದ್ದರೆ ಬೇರೆ ಏಜೆಂಟರನ್ನು ನೋಡಿ.

ಯಾವ ತಿಂಗಳು, ಯಾವ ವಾರ

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಮರುಭೂಮಿ ಅಂದ ಕೂಡಲೇ ಸೆಕೆ ಎಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಹಾಗಲ್ಲ. ಮಠವೇ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್‌ನಿಂದ ಫೆಬ್ರುವರಿಯ ತನಕ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಕೆಲವು ವರ್ಷ ತುದಿಯಲ್ಲಿ ಹಿಮವೂ ಬೀಳುತ್ತದೆ. ಬೇಸಿಗೆಯಲ್ಲೂ ತುದಿಯ ಗಾಳಿ ಬೆವರು ಒಣಗಿಸಿ ನಡುಗಿಸುತ್ತದೆ.

ವಾರದ ದಿನ ಇನ್ನೂ ಮುಖ್ಯ. ಮಠ ಪ್ರವಾಸಿಗರಿಗೆ ತೆರೆಯುವುದು ಬೆಳಿಗ್ಗೆ ಸುಮಾರು 9ರಿಂದ 11.30ರ ತನಕ ಮಾತ್ರ. ಭಾನುವಾರ ಇಲ್ಲ. ಶುಕ್ರವಾರವನ್ನು ನೆಚ್ಚಿಕೊಳ್ಳಬೇಡಿ. ಮಠ ಗ್ರೀಕ್ ಆರ್ಥೊಡಾಕ್ಸ್ ಪಂಥದ್ದು, ಅವರ ಹಬ್ಬಗಳಲ್ಲೂ ಮುಚ್ಚಿರುತ್ತದೆ. ಅವರ ಈಸ್ಟರ್ ನಮ್ಮ ಇಗರ್ಜಿಗಳ ಈಸ್ಟರ್ ದಿನವೇ ಬರಬೇಕೆಂದಿಲ್ಲ, ಆದ್ದರಿಂದ ನಮ್ಮ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಬೇಡಿ. ಸೋಮವಾರದಿಂದ ಗುರುವಾರದ ಒಳಗೆ ಒಂದು ಬೆಳಿಗ್ಗೆ ಸಿಗುವ ಹಾಗೆ ಟಿಕೆಟ್ ಮಾಡಿಸಿ.

ಉಳಿಯುವುದು

ಮಠದ ಗೋಡೆಗೆ ಹೊಂದಿಕೊಂಡೇ ಒಂದು ಅತಿಥಿಗೃಹ ಇದೆ. ಕೋಣೆ ಸಾದಾ. ಕೋಣೆಯಿಂದ ಹೊರಬಂದರೆ ಎದುರಿಗೇ ಬೆಟ್ಟ. ಯಾತ್ರಿಕರ ಗುಂಪುಗಳು ಮೊದಲೇ ಹಿಡಿದಿಟ್ಟುಕೊಳ್ಳುವುದರಿಂದ ಬೇಗ ಬುಕ್ ಮಾಡಬೇಕು. ಇಲ್ಲದಿದ್ದರೆ ಸುಮಾರು ಮೂರು ಕಿಲೋಮೀಟರ್ ದೂರದ ಊರಿನಲ್ಲಿ ಬೆದೂಯಿನ್ (ಮರುಭೂಮಿಯ ಅರಬ್ ಬುಡಕಟ್ಟು) ಕುಟುಂಬಗಳು ನಡೆಸುವ ಕ್ಯಾಂಪ್‌ಗಳಿವೆ. ಊರಿಗೆ ಅಲ್ ಮಿಲ್ಗಾ ಎಂದು ಹೆಸರು, ಬಸ್ಸಿನವರಿಗೆ ಸಾಂತ್ ಕತ್ರಿನ್ ಅಂದರೂ ಸಾಕು. ಕ್ಯಾಂಪಿನಲ್ಲಿ ನೆಲದ ಮೇಲೆ ಹಾಸಿದ ದಿಂಬು, ಬೆಂಕಿ, ಸಕ್ಕರೆ ಜಾಸ್ತಿ ಇರುವ ಚಹಾ. ಗೈಡ್ ಕೂಡ ಅಲ್ಲಿಂದಲೇ ಸಿಗುತ್ತಾರೆ.

ಊರು ಈಗ ಬದಲಾಗುತ್ತಿದೆ. ಸರ್ಕಾರ ದೊಡ್ಡ ಪ್ರವಾಸೋದ್ಯಮ ಯೋಜನೆ ಹಾಕಿಕೊಂಡು ಹೋಟೆಲು, ರಸ್ತೆ ಕಟ್ಟಿಸುತ್ತಿದೆ. 2025ರ ಮೇ ತಿಂಗಳಲ್ಲಿ ಈಜಿಪ್ಟಿನ ನ್ಯಾಯಾಲಯವೊಂದು ಮಠದ ಜಾಗದ ಒಡೆತನ ಸರ್ಕಾರದ್ದು, ಸನ್ಯಾಸಿಗಳಿಗೆ ಬಳಸುವ ಹಕ್ಕು ಇದೆ ಎಂದು ತೀರ್ಪು ಕೊಟ್ಟು, ಗ್ರೀಸ್ ದೇಶದ ತನಕ ಗಲಾಟೆ ಆಯಿತು. ಸನ್ಯಾಸಿಗಳ ಹತ್ತಿರ ಈ ವಿಷಯ ತೆಗೆಯದಿರುವುದು ಒಳ್ಳೆಯದು.

ಬ್ಯಾಗಿಗೆ ಏನು

ಗಟ್ಟಿ ಹಿಡಿತ ಇರುವ ಶೂ. ಮಂಕಿ ಕ್ಯಾಪ್, ಗ್ಲೌಸ್, ಗಾಳಿ ತಡೆಯುವ ಜಾಕೆಟ್, ಒಳಗೆ ಹಾಕಲು ಇನ್ನೊಂದು ಸ್ವೆಟರ್. ತಲೆಗೆ ಕಟ್ಟುವ ಟಾರ್ಚ್, ಅದಕ್ಕೆ ಬೇರೆ ಸೆಲ್. ಮೊಬೈಲ್ ಟಾರ್ಚ್ ನಂಬಬೇಡಿ, ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಮತ್ತೆ ಕೈ ಖಾಲಿ ಇರಬೇಕು. ಎರಡು ಲೀಟರ್ ನೀರು. ಕಡಲೆ ಮಿಠಾಯಿ, ಖರ್ಜೂರ. ಮಂಡಿ ನೋವಿದ್ದವರಿಗೆ ಊರುಗೋಲು, ಬೆಲ್ಟ್. ಮಠಕ್ಕೆ ಹೋಗಲು ಭುಜ, ಮಂಡಿ ಮುಚ್ಚುವ ಬಟ್ಟೆ. ಗಂಡಸರಿಗೂ ಬರ್ಮುಡಾ ನಡೆಯಲ್ಲ. ಚಿಲ್ಲರೆ ಈಜಿಪ್ಟ್ ಪೌಂಡ್ ಸಾಕಷ್ಟು ಇರಲಿ. ಬೆಟ್ಟದ ಮೇಲೆ ಕಾರ್ಡ್ ನಡೆಯುವುದಿಲ್ಲ, ಟಾಯ್ಲೆಟ್‌ಗೂ ಕಾಸು ಕೇಳುತ್ತಾರೆ.

ಬೆಳಿಗ್ಗೆ: ಮಠದ ಒಳಗೆ

ಎಂಟೂವರೆಗೇ ಬಾಗಿಲ ಹತ್ತಿರ ಇರಿ. ಒಂಬತ್ತಕ್ಕೆ ರಾತ್ರಿ ಬೆಟ್ಟ ಹತ್ತಿದವರೆಲ್ಲ ಇಳಿದು ಬಂದು ಒಟ್ಟಿಗೆ ನುಗ್ಗುತ್ತಾರೆ. ಆ ನೂಕುನುಗ್ಗಲು ಸುಮಾರು ಒಂದು ಗಂಟೆ. ಅವರು ಚರ್ಚಿನಲ್ಲಿ ಇರುವಾಗ ನೀವು ಮ್ಯೂಸಿಯಂಗೆ ಹೋಗಿ, ಆಮೇಲೆ ಚರ್ಚಿಗೆ ಬನ್ನಿ. ಇರುವುದೇ ಎರಡೂವರೆ ಗಂಟೆ, ಹೀಗೆ ಮಾಡಿದರೆ ಎರಡೂ ನೆಮ್ಮದಿಯಾಗಿ ಸಿಗುತ್ತವೆ.

ಒಳಗೆ ಹೋಗುವ ಮುಂಚೆ ಒಂದು ನಿಮಿಷ ಗೋಡೆ ನೋಡಿ. ಕೋಟೆಯ ಹಾಗೆ ಕಟ್ಟಿದ ಗ್ರಾನೈಟ್ ಗೋಡೆ. ಕಟ್ಟಿಸಿದ್ದು ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಸಾಮ್ರಾಟ ಜಸ್ಟಿನಿಯನ್. ಇಸವಿ ಗೊತ್ತಾದ ಬಗೆ ಚೆನ್ನಾಗಿದೆ. ಚರ್ಚಿನ ಚಾವಣಿಯ ಮರದ ತೊಲೆಗಳ ಮೇಲೆ ಕೆತ್ತಿದ ಬರಹಗಳಲ್ಲಿ ಜಸ್ಟಿನಿಯನ್ ಬದುಕಿದ್ದ ಹಾಗೆ, ರಾಣಿ ಥಿಯೊಡೋರಾ ತೀರಿಕೊಂಡ ಹಾಗೆ ಹೇಳಿದೆ. ರಾಣಿ ಸತ್ತದ್ದು 548ರಲ್ಲಿ, ರಾಜ ಸತ್ತದ್ದು 565ರಲ್ಲಿ. ಅಂದರೆ ಆ ನಡುವೆ ಕಟ್ಟಿದ್ದು. ಕಟ್ಟಿದವನ ಹೆಸರೂ ಅಲ್ಲೇ ಇದೆ, ಐಲಾ ಊರಿನ ಸ್ಟೀಫನ್. ಅಲ್ಲಿಂದ ಇಲ್ಲಿಯವರೆಗೆ ಮಠ ಖಾಲಿ ಬಿದ್ದದ್ದೇ ಇಲ್ಲ. ಹಿಂದೆ ದೊಡ್ಡ ಬಾಗಿಲು ಮುಚ್ಚಿಬಿಟ್ಟು, ಬಂದವರನ್ನು ಹಗ್ಗ ಕಟ್ಟಿ ಗೋಡೆಯ ಮೇಲಕ್ಕೆ ಎಳೆದುಕೊಳ್ಳುತ್ತಿದ್ದ ಕಾಲವೂ ಇತ್ತು. ಈಗ ಪಕ್ಕದ ಚಿಕ್ಕ ಬಾಗಿಲಲ್ಲಿ ತಲೆ ಬಗ್ಗಿಸಿ ಹೋಗುತ್ತೀರಿ.

ಒಳಗೆ ಹೋದ ಕೂಡಲೇ ಒಂದು ಬಾವಿ ಸಿಗುತ್ತದೆ. ಮೋಶೆ ತನ್ನ ಹೆಂಡತಿಯಾಗುವವಳನ್ನು, ಇತ್ರೋನನ ಮಗಳನ್ನು, ಮೊದಲು ಕಂಡದ್ದು ಈ ಬಾವಿಯ ಹತ್ತಿರ ಎನ್ನುತ್ತಾರೆ.

ಆಮೇಲೆ ಮ್ಯೂಸಿಯಂ. ಇದಕ್ಕೆ ಬೇರೆ ಟಿಕೆಟ್. ದುಡ್ಡು ಉಳಿಸಲು ಇದನ್ನು ಬಿಟ್ಟು ಹೋಗುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. 8ನೇ ಶತಮಾನದಲ್ಲಿ ಬೈಜಾಂಟಿಯಂ ರಾಜ್ಯದಲ್ಲಿ ದೇವರ ಚಿತ್ರಗಳನ್ನು ನಿಷೇಧಿಸಿ ಒಡೆದು ಸುಟ್ಟರು. ಆಗ ಸೀನಾಯಿ ಮುಸ್ಲಿಂ ಆಡಳಿತದಲ್ಲಿತ್ತು, ಸಾಮ್ರಾಟನ ಆಜ್ಞೆ ಇಲ್ಲಿಗೆ ಮುಟ್ಟಲಿಲ್ಲ. ಹಾಗಾಗಿ ಬೇರೆಲ್ಲೂ ಉಳಿಯದ ಚಿತ್ರಗಳು ಇಲ್ಲಿ ಉಳಿದವು. ಬಿಸಿ ಮೇಣದಲ್ಲಿ ಬಣ್ಣ ಕಲಸಿ ಮರದ ಹಲಗೆಯ ಮೇಲೆ ಬರೆದ 6ನೇ ಶತಮಾನದ ಯೇಸುವಿನ ಚಿತ್ರ ಅವುಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿ. ಕೈಯನ್ನು ಅಡ್ಡ ಹಿಡಿದು ಮುಖದ ಅರ್ಧ ಅರ್ಧ ನೋಡಿ. ಒಂದು ಕಡೆ ಶಾಂತ, ಇನ್ನೊಂದು ಕಡೆ ಗಂಭೀರ.

ಇನ್ನೊಂದು ಚಿತ್ರವನ್ನು ಬೆಟ್ಟ ಹತ್ತುವವರು ನೋಡಲೇಬೇಕು. 12ನೇ ಶತಮಾನದ್ದು. ಒಂದು ಏಣಿ. ಅದರ ಮೇಲೆ ಸಾಲಾಗಿ ಹತ್ತುತ್ತಿರುವ ಸನ್ಯಾಸಿಗಳು. ಕಪ್ಪು ಪಿಶಾಚಿಗಳು ಕೊಕ್ಕೆ ಹಾಕಿ, ಹಗ್ಗ ಕಟ್ಟಿ ಅವರನ್ನು ಕೆಳಗೆ ಎಳೆಯುತ್ತಿವೆ. ತುದಿಯಲ್ಲಿ ಯೇಸು ಕಾಯುತ್ತಿದ್ದಾನೆ. ಏಣಿಗೆ ಮೂವತ್ತು ಮೆಟ್ಟಿಲು. 7ನೇ ಶತಮಾನದಲ್ಲಿ ಇದೇ ಮಠದ ಮುಖ್ಯಸ್ಥನಾಗಿದ್ದ ಜಾನ್ ಕ್ಲೈಮಾಕಸ್ ಸನ್ಯಾಸಿಗಳ ಬದುಕನ್ನು ಮೂವತ್ತು ಹಂತಗಳಾಗಿ ಬರೆದ ಪುಸ್ತಕದ ಚಿತ್ರ ಅದು. ಮಧ್ಯಾಹ್ನ ಮೆಟ್ಟಿಲಲ್ಲಿ ಏದುಸಿರು ಬಿಡುವಾಗ ಆ ಪಿಶಾಚಿಗಳು ಖಂಡಿತ ನೆನಪಾಗುತ್ತವೆ.

ಹಸ್ತಪ್ರತಿಗಳ ಕಥೆ ಬೇರೆಯೇ. ಇಲ್ಲಿನ ಗ್ರಂಥಾಲಯದಲ್ಲಿ ಮೂರು ಸಾವಿರಕ್ಕಿಂತ ಹೆಚ್ಚು ಹಸ್ತಪ್ರತಿಗಳಿವೆ. ಕೋಡೆಕ್ಸ್ ಸೈನಾಟಿಕಸ್ ಎಂಬ 4ನೇ ಶತಮಾನದ ಬೈಬಲ್, ಹೊಸ ಒಡಂಬಡಿಕೆ ಪೂರ್ತಿ ಇರುವ ಅತಿ ಹಳೆಯ ಪ್ರತಿ, ಇಲ್ಲೇ ಇತ್ತು. 1844ರಲ್ಲಿ ಟಿಶೆಂಡಾರ್ಫ್ ಎಂಬ ಜರ್ಮನ್ ವಿದ್ವಾಂಸ ಬಂದು 43 ಹಾಳೆ ಒಯ್ದ. 1859ರಲ್ಲಿ ಮತ್ತೆ ಬಂದು ಉಳಿದ ದೊಡ್ಡ ಭಾಗವನ್ನು ರಷ್ಯಾಕ್ಕೆ ಒಯ್ದ. ಸಾಲವಾಗಿ ಕೊಟ್ಟದ್ದು, ವಾಪಸ್ ಬರಲಿಲ್ಲ ಎನ್ನುವುದು ಸನ್ಯಾಸಿಗಳ ಮಾತು. 1933ರಲ್ಲಿ ಸೋವಿಯತ್ ಸರ್ಕಾರ ಅದನ್ನು ಒಂದು ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿತು. 1975ರಲ್ಲಿ ಮಠದಲ್ಲೇ ಮರೆತುಹೋಗಿದ್ದ ಒಂದು ಕೋಣೆಯಲ್ಲಿ ಹಳೆಯ ಹಸ್ತಪ್ರತಿಗಳ ರಾಶಿ ಸಿಕ್ಕಿತು. ಅದರಲ್ಲಿ ಅದೇ ಬೈಬಲ್ಲಿನ ಕೆಲವು ಹಾಳೆಗಳೂ ಇದ್ದವು. ಗ್ರಂಥಾಲಯದ ಒಳಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಕೆಲವು ಹಸ್ತಪ್ರತಿಗಳನ್ನು ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ.

ಪ್ರವಾದಿ ಮುಹಮ್ಮದರ ಅಭಯಪತ್ರದ ಪ್ರತಿಯನ್ನೂ ಹುಡುಕಿ ನೋಡಿ. ಈ ಮಠದವರಿಗೆ ಯಾರೂ ತೊಂದರೆ ಕೊಡಬಾರದು ಎಂದು ಅವರು ಬರೆಸಿ, ಕೈಯ ಗುರುತು ಒತ್ತಿದರು ಎನ್ನುವುದು ಸಂಪ್ರದಾಯ. ಪತ್ರ ಎಷ್ಟು ಹಳೆಯದು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಆದರೆ ಒಬ್ಬರ ಹಿಂದೆ ಒಬ್ಬರು ಬಂದ ಮುಸ್ಲಿಂ ಅರಸರು ಅದನ್ನು ಗೌರವಿಸಿದರು. ಹೊರಗೆ ಬಂದು ನೋಡಿದರೆ ಚರ್ಚಿನ ಗಂಟೆ ಗೋಪುರದ ಪಕ್ಕದಲ್ಲೇ ಮಸೀದಿಯ ಮಿನಾರು ಕಾಣುತ್ತದೆ. ಫಾತಿಮಿ ಅರಸರ ಕಾಲದ ಮಸೀದಿ, ಮಠದ ಗೋಡೆಯ ಒಳಗೇ ಇದೆ.

ಚರ್ಚಿನಲ್ಲಿ ಫೋಟೊ ತೆಗೆಯುವ ಹಾಗಿಲ್ಲ, ಜೋರಾಗಿ ಮಾತನಾಡುವ ಹಾಗಿಲ್ಲ. ಒಳಗೆ ಹನ್ನೆರಡು ಕಂಬಗಳು, ತಿಂಗಳಿಗೊಂದು. ಪ್ರತಿ ಕಂಬದಲ್ಲಿ ಆ ತಿಂಗಳ ಸಂತರ ಚಿತ್ರಪಟ. ನೀವು ಹುಟ್ಟಿದ ತಿಂಗಳಿನ ಕಂಬ ಯಾವುದೆಂದು ಕೇಳಿದರೆ ಸನ್ಯಾಸಿಗಳು ಖುಷಿಯಿಂದ ತೋರಿಸಬಹುದು. ಪೂಜಾಪೀಠದ ಮೇಲಿನ ಅರ್ಧಗುಮ್ಮಟದಲ್ಲಿ 6ನೇ ಶತಮಾನದ ಮೊಸಾಯಿಕ್ ಇದೆ. ನಡುವೆ ಬೆಳಗುತ್ತಿರುವ ಯೇಸು, ಎರಡು ಪಕ್ಕದಲ್ಲಿ ಮೋಶೆ ಮತ್ತು ಬೈಬಲ್ಲಿನ ಇನ್ನೊಬ್ಬ ಪ್ರವಾದಿ ಎಲೀಯ. ಈ ಇಬ್ಬರೂ ದೇವರ ಮಾತು ಕೇಳಿದ್ದು ಇದೇ ಬೆಟ್ಟದಲ್ಲಿ ಎಂಬುದರಿಂದ ಆ ಚಿತ್ರ ಇಲ್ಲಿದೆ. ಆದರೆ ಮುಂದೆ 17ನೇ ಶತಮಾನದ ಕೆತ್ತನೆಯ ಎತ್ತರದ ಮರದ ಪರದೆ ಅಡ್ಡ ಬರುತ್ತದೆ. ನೆಟ್ಟಗೆ ನಿಂತರೆ ಕಾಣುವುದು ಕಮ್ಮಿ. ಸ್ವಲ್ಪ ಪಕ್ಕಕ್ಕೆ ಸರಿದು ನೋಡಿ.

ಚರ್ಚಿನ ಹಿಂಭಾಗದಲ್ಲಿ ಉರಿಯುವ ಪೊದೆಯ ಚಾಪೆಲ್. ಮಠದ ಅತಿ ಪವಿತ್ರ ಜಾಗ ಇದೇ. ಮೋಶೆಗೆ ದೇವರು ಕೆರ ಬಿಚ್ಚು ಎಂದಿದ್ದರಿಂದ ಇಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕು. ಸಾಮಾನ್ಯವಾಗಿ ಪ್ರವಾಸಿಗರಿಗೆ ತೆರೆಯುವುದಿಲ್ಲ. ಯಾತ್ರೆಯ ಗುಂಪಿನಲ್ಲಿ ಬಂದವರು ತಮ್ಮ ಫಾದರ್ ಮೂಲಕ ಮೊದಲೇ ಕೇಳಿಕೊಂಡರೆ ಅವಕಾಶ ಸಿಕ್ಕರೂ ಸಿಗಬಹುದು. ಪೊದೆ ಮಾತ್ರ ಹೊರಗಿದೆ, ಗೋಡೆಯ ಮೇಲಿಂದ ಕೆಳಗೆ ಇಳಿಬಿದ್ದಿದೆ. ಮುಳ್ಳಿನ ಬಳ್ಳಿ, ಕಾಡು ರಾಸ್ಪ್‌ಬೆರಿ ಜಾತಿಯದ್ದು. ಎಲೆ ಕೀಳಬೇಡಿ. ಎಲ್ಲರೂ ಒಂದೊಂದು ಕಿತ್ತರೆ ಏನು ಉಳಿಯುತ್ತದೆ?

ಕೊನೆಗೆ ತೋಟದ ಕಡೆಯ ಅಸ್ಥಿಗೃಹ, ತೆರೆದಿದ್ದರೆ. ಇಲ್ಲಿ ನೆಲ ಬಂಡೆ, ಹೂಳಲು ಜಾಗ ಕಮ್ಮಿ. ಸತ್ತ ಸನ್ಯಾಸಿಗಳನ್ನು ಸಣ್ಣ ಸ್ಮಶಾನದಲ್ಲಿ ಹೂಳುತ್ತಾರೆ. ಕೆಲವು ವರ್ಷದ ಮೇಲೆ ಮೂಳೆ ತೆಗೆದು ಇಲ್ಲಿ ಜೋಡಿಸುತ್ತಾರೆ. ತಲೆಬುರುಡೆಗಳ ರಾಶಿಯ ಹತ್ತಿರ ಬಟ್ಟೆ ತೊಡಿಸಿ ಕೂರಿಸಿದ ಒಂದು ಅಸ್ಥಿಪಂಜರ ಇದೆ. 6ನೇ ಶತಮಾನದ ಸನ್ಯಾಸಿ ಸ್ಟೀಫನ್. ಚರ್ಚ್ ಕಟ್ಟಿದ ಸ್ಟೀಫನ್ ಬೇರೆ, ಇವರು ಬೇರೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮಧ್ಯಾಹ್ನ ಬೇಕಾಗುತ್ತದೆ. ಚಿಕ್ಕ ಮಕ್ಕಳನ್ನು ಒಳಗೆ ಕರೆದೊಯ್ಯುವ ಮುಂಚೆ ಯೋಚಿಸಿ.

ಮಧ್ಯಾಹ್ನ: ಗೈಡ್ ಹಿಡಿಯುವುದು

ಗೈಡ್ ಇಲ್ಲದೆ ಬೆಟ್ಟಕ್ಕೆ ಬಿಡುವುದಿಲ್ಲ. ಗೈಡ್‌ಗಳು ಜೆಬೆಲಿಯಾ ಬುಡಕಟ್ಟಿನವರು. ಮಠ ಕಾಯಲು ಮತ್ತು ಸನ್ಯಾಸಿಗಳ ಕೆಲಸಕ್ಕೆ ಜಸ್ಟಿನಿಯನ್ ಕಪ್ಪು ಸಮುದ್ರದ ಕಡೆಯಿಂದ ಮತ್ತು ಈಜಿಪ್ಟಿನಿಂದ ಕಳಿಸಿದ ಕುಟುಂಬಗಳ ವಂಶ ತಮ್ಮದು ಎಂದು ಅವರು ಹೇಳಿಕೊಳ್ಳುತ್ತಾರೆ. ಆಮೇಲೆ ಮುಸ್ಲಿಮರಾದರು. ಮಠದ ಜತೆಗಿನ ಸಂಬಂಧ ಮಾತ್ರ ಬಿಟ್ಟಿಲ್ಲ.

ಹೊರಡುವ ಮುಂಚೆ ಮೂರು ಮಾತು ಸ್ಪಷ್ಟ ಮಾಡಿಕೊಳ್ಳಿ. ಒಟ್ಟು ಎಷ್ಟು ದುಡ್ಡು, ತಲೆಗಾ ಗುಂಪಿಗಾ? ಹತ್ತುವುದು ಯಾವ ದಾರಿ, ಇಳಿಯುವುದು ಯಾವ ದಾರಿ? ಸೂರ್ಯ ಮುಳುಗಿದ ಮೇಲೂ ಜತೆಗೆ ಇರುತ್ತಾರಾ? ಒಂಟೆಯವರು ದಾರಿಯುದ್ದಕ್ಕೂ ಕೇಳುತ್ತಲೇ ಇರುತ್ತಾರೆ. ಬೇಡದಿದ್ದರೆ ನಗುತ್ತಾ "ಲಾ, ಶುಕ್ರನ್" ಅನ್ನಿ, ನಡೆಯುತ್ತಾ ಇರಿ. ಅವರಿಗೂ ಹೊಟ್ಟೆಪಾಡು, ಸಿಡುಕಬೇಡಿ.

ದಾರಿ ಯಾವುದು

ಒಂಟೆ ದಾರಿ ಅಗಲ, ಸುತ್ತು ಹಾಕಿಕೊಂಡು ನಿಧಾನಕ್ಕೆ ಏರುತ್ತದೆ. 19ನೇ ಶತಮಾನದಲ್ಲಿ ಈಜಿಪ್ಟ್ ಆಳುತ್ತಿದ್ದ ಅಬ್ಬಾಸ್ ಪಾಶಾ ಮಾಡಿಸಿದ್ದು. ಬೆಟ್ಟದ ಮೇಲೆ ಅರಮನೆ ಕಟ್ಟಿಸುವ ಆಸೆ ಅವನಿಗೆ. ದಾರಿಯಲ್ಲಿ ಚಹಾದ ಗೂಡಂಗಡಿಗಳಿವೆ. ಎರಡೂವರೆಯಿಂದ ಮೂರು ಗಂಟೆ. ಒಂಟೆ ಕೊನೆಯ ತನಕ ಹೋಗುವುದಿಲ್ಲ. ಕೊನೆಯ 750 ಮೆಟ್ಟಿಲು ಎಲ್ಲರೂ ನಡೆದೇ ಹತ್ತಬೇಕು. ಒಂಟೆ ಮಾಡಿಕೊಂಡವರು ಇದನ್ನು ಕೇಳಿ ಅಲ್ಲೇ ಕೂತುಬಿಡುವುದುಂಟು. ಶ್ರವಣಬೆಳಗೊಳದ ದೊಡ್ಡ ಬೆಟ್ಟ ಹತ್ತಿದವರಿಗೆ ಅಂದಾಜು ಸಿಗುತ್ತದೆ. ಹೆಚ್ಚುಕಮ್ಮಿ ಅಷ್ಟೇ ಮೆಟ್ಟಿಲು, ಆದರೆ ಇಲ್ಲಿ ಒಂದೊಂದೂ ಬೇರೆ ಬೇರೆ ಎತ್ತರ, ಮತ್ತೆ ಎರಡು ಸಾವಿರ ಮೀಟರ್ ಮೇಲೆ.

ಇನ್ನೊಂದು ಪಶ್ಚಾತ್ತಾಪದ ಮೆಟ್ಟಿಲು. ಮಠದ ಹಿಂದಿನಿಂದ ನೇರ ಮೇಲಕ್ಕೆ, ತುದಿಯವರೆಗೆ ಸುಮಾರು 3,750 ಮೆಟ್ಟಿಲು. ಒಬ್ಬ ಸನ್ಯಾಸಿ ತನ್ನ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಇಷ್ಟೂ ಕಲ್ಲು ಜೋಡಿಸಿದ ಎಂದು ಕಥೆ. ದೂರ ಕಮ್ಮಿ, ಕಷ್ಟ ಜಾಸ್ತಿ.

ಕಾಲು ಗಟ್ಟಿ ಇದ್ದವರಿಗೆ ನನ್ನ ಸಲಹೆ: ಬೆಳಕಿರುವಾಗ ಮೆಟ್ಟಿಲಲ್ಲಿ ಹತ್ತಿ, ಕತ್ತಲಾದ ಮೇಲೆ ಒಂಟೆ ದಾರಿಯಲ್ಲಿ ಇಳಿಯಿರಿ. ಕತ್ತಲಲ್ಲಿ ಮೆಟ್ಟಿಲು ಇಳಿಯುವುದು ಮಂಡಿಗೂ ಪ್ರಾಣಕ್ಕೂ ಒಳ್ಳೆಯದಲ್ಲ. ವಯಸ್ಸಾದವರು, ಮಂಡಿ ನೋವಿನವರು ಎರಡೂ ಸಲ ಒಂಟೆ ದಾರಿಯನ್ನೇ ಹಿಡಿಯಿರಿ. ಒಂಟೆ ಮೇಲೆ ಹತ್ತುವುದು ಸರಿ. ಇಳಿಯುವಾಗ ಮುಂದಕ್ಕೆ ವಾಲಿ ವಾಲಿ ತೊಡೆ ಸೋತುಹೋಗುತ್ತದೆ, ನಡೆಯುವುದೇ ವಾಸಿ. ಹೃದಯದ ತೊಂದರೆ, ಉಬ್ಬಸ ಇದ್ದವರು ಮೊದಲೇ ಡಾಕ್ಟರ ಹತ್ತಿರ ಮಾತನಾಡಿ ಬನ್ನಿ. ಮೇಲೆ ಆಸ್ಪತ್ರೆ ಇಲ್ಲ.

ಹತ್ತುವುದು

ಸೂರ್ಯ ಮುಳುಗುವುದಕ್ಕೆ ಮೂರೂವರೆ ಗಂಟೆ ಮುಂಚೆ ಹೊರಡಿ. ಡಿಸೆಂಬರಿನಲ್ಲಿ ಐದು ಗಂಟೆಗೇ ಕತ್ತಲು ಕವಿಯುತ್ತದೆ, ಅಂದರೆ ಒಂದೂವರೆಗೇ ಹೆಜ್ಜೆ ಹಾಕಬೇಕು. ಊಟ ಲಘುವಾಗಿರಲಿ.

ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನ ನಡೆಯಿರಿ. ಮಾತನಾಡುತ್ತಾ ಹತ್ತಲು ಆಗುತ್ತಿದ್ದರೆ ಅದು ಸರಿಯಾದ ವೇಗ. ಮೆಟ್ಟಿಲು ಅಂದರೆ ಸಮನಾಗಿ ಕಡೆದ ಮೆಟ್ಟಿಲಲ್ಲ, ಜೋಡಿಸಿಟ್ಟ ಬಂಡೆಗಳು. ಪಾದ ಪೂರ್ತಿ ಊರಿ, ಆಮೇಲೆ ಭಾರ ಹಾಕಿ. ಸಡಿಲ ಮರಳು ಇರುವ ಕಲ್ಲಿನ ಮೇಲೆ ಜಾರುತ್ತದೆ. ಮಳೆ ಬರುವ ಲಕ್ಷಣ ಇದ್ದರೆ ಆ ದಿನ ಬಿಟ್ಟುಬಿಡಿ. ಬೋಳು ಬಂಡೆ ನೀರು ಹೀರುವುದಿಲ್ಲ, ಕಣಿವೆಗಳಲ್ಲಿ ನೋಡನೋಡುತ್ತಿದ್ದಂತೆ ಪ್ರವಾಹ ಬರುತ್ತದೆ.

ದಾರಿಯಲ್ಲಿ ಮಾತೆ ಮರಿಯಮ್ಮನ ಒಂದು ಚಿಕ್ಕ ಚಾಪೆಲ್ ಸಿಗುತ್ತದೆ. ಮಠದಲ್ಲಿ ದವಸ ಮುಗಿದು, ಸನ್ಯಾಸಿಗಳು ಜಾಗ ಬಿಟ್ಟು ಹೋಗುವುದೆಂದು ನಿರ್ಧಾರ ಮಾಡಿ, ಕೊನೆಯ ಸಲ ಬೆಟ್ಟ ಹತ್ತುತ್ತಿದ್ದರಂತೆ. ಮರಿಯಮ್ಮ ಎದುರಾಗಿ, ವಾಪಸ್ ಹೋಗಿ, ಬೇಕಾದ್ದೆಲ್ಲ ಬರುತ್ತದೆ ಎಂದಳಂತೆ. ಇಳಿದು ಬಂದರೆ ದವಸ ಹೊತ್ತ ಒಂಟೆಗಳು ಬಾಗಿಲಲ್ಲಿ ನಿಂತಿದ್ದವಂತೆ.

ಇನ್ನೂ ಮೇಲೆ, ಎರಡು ಬಂಡೆಗಳ ನಡುವೆ ಒಂದು ಕಲ್ಲಿನ ಕಮಾನು. ಬೆಳಿಗ್ಗೆ ಅಸ್ಥಿಗೃಹದಲ್ಲಿ ನೋಡಿದ ಸ್ಟೀಫನ್ ಕೂತಿರುತ್ತಿದ್ದುದು ಇಲ್ಲಿ. ಯಾತ್ರಿಕರು ಅವರ ಮುಂದೆ ತಮ್ಮ ಪಾಪ ಹೇಳಿಕೊಂಡ ಮೇಲೆಯೇ ಮುಂದೆ ಬಿಡುತ್ತಿದ್ದರಂತೆ. ಈಗ ಯಾರೂ ಕೇಳುವವರಿಲ್ಲ. ಕುಳಿತು ನೀರು ಕುಡಿಯಲು ಒಳ್ಳೆಯ ಜಾಗ.

ಕಮಾನು ದಾಟಿ ಮುಂದೆ ಹೋದರೆ ಬೆಟ್ಟದ ಮಡಿಲಲ್ಲಿ ಒಂದು ಬಯಲು. ಹಳೆಯ ಸೈಪ್ರಸ್ ಮರ, ಸಣ್ಣ ಚಾಪೆಲ್‌ಗಳು. ಎಲೀಯ ಅಡಗಿದ್ದ ಜಾಗ ಎಂದು ನಂಬಿಕೆ. ಬಿರುಗಾಳಿಯಲ್ಲಿ, ಭೂಕಂಪದಲ್ಲಿ, ಬೆಂಕಿಯಲ್ಲಿ ದೇವರು ಇರಲಿಲ್ಲ, ಆಮೇಲೆ ಬಂದ ಮೆಲುದನಿಯಲ್ಲಿ ಎಲೀಯ ಅವನನ್ನು ಕೇಳಿದ ಎನ್ನುವ ಕಥೆ ಇಲ್ಲಿಯದ್ದು. ರಾತ್ರಿ ಬರುವವರು ಈ ಬಯಲನ್ನು ಸರಿಯಾಗಿ ನೋಡುವುದೇ ಇಲ್ಲ. ನನಗೆ ತುದಿಗಿಂತ ಇದೇ ಹೆಚ್ಚು ಇಷ್ಟ. ಸಮಯ ಇದ್ದರೆ ಕಾಲು ಗಂಟೆ ಕೂರಿ.

ಇಲ್ಲಿಂದ ಸ್ವಲ್ಪ ಮೇಲೆ ಒಂಟೆ ದಾರಿ ಬಂದು ಸೇರುತ್ತದೆ. ಆ ಕೂಡುಜಾಗವನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ, ಇಳಿಯುವಾಗ ತಿರುಗಬೇಕಾದದ್ದು ಅಲ್ಲೇ. ಉಳಿದದ್ದು 750 ಮೆಟ್ಟಿಲು. ಐವತ್ತು ಹತ್ತಿ ನಿಲ್ಲಿ, ಮತ್ತೆ ಐವತ್ತು. ಬೆವರಿದ ಬಟ್ಟೆಯಲ್ಲಿ ತುದಿಗೆ ಹೋಗಬೇಡಿ. ಕೊನೆಯ ಗೂಡಂಗಡಿಯಲ್ಲಿ ಒಳಗಿನ ಅಂಗಿ ಬದಲಿಸಿ, ಜಾಕೆಟ್ ಹಾಕಿಕೊಳ್ಳಿ. ಅಲ್ಲೇ ಕಂಬಳಿ ಬಾಡಿಗೆಗೂ ಸಿಗುತ್ತದೆ.

ತುದಿಯಲ್ಲಿ ಒಂದು ಚಾಪೆಲ್, ಒಂದು ಮಸೀದಿ. ಚಾಪೆಲ್ ಕಟ್ಟಿದ್ದು 1934ರಲ್ಲಿ, ಜಸ್ಟಿನಿಯನ್ ಕಾಲದ ಹಳೆಯ ಚರ್ಚಿನ ಜಾಗದಲ್ಲಿ, ಅದರದ್ದೇ ಕಲ್ಲು ಬಳಸಿ. ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಮಸೀದಿಯ ಹತ್ತಿರ ಒಂದು ಗುಹೆ ಇದೆ, ಮೋಶೆ ನಲವತ್ತು ದಿನ ಕಳೆದದ್ದು ಅಲ್ಲಿ ಎನ್ನುತ್ತಾರೆ. ಗೋಡೆಗಳ ಮೇಲೆ ಹತ್ತಿ ಕೂರಬೇಡಿ, ಹೆಸರು ಕೆತ್ತಬೇಡಿ. ಯಾರಾದರೂ ಪ್ರಾರ್ಥನೆ ಮಾಡುತ್ತಿದ್ದರೆ ಮೊಬೈಲಿನ ಹಾಡು ನಿಲ್ಲಿಸಿ. ಸಂಜೆ ಜನ ಕಮ್ಮಿ. ನೈಋತ್ಯಕ್ಕೆ ತಿರುಗಿದರೆ ಕಾಣುವ ಇನ್ನೂ ಎತ್ತರದ ಬೆಟ್ಟ ಜೆಬೆಲ್ ಕತ್ರೀನಾ, ಈಜಿಪ್ಟಿನಲ್ಲೇ ಅತಿ ಎತ್ತರದ್ದು.

ಸೂರ್ಯೋದಯವೇ ಬೇಕು ಅನ್ನುವವರು ಸಂಜೆ ಏಳಕ್ಕೇ ಮಲಗಿ, ಎರಡು ಗಂಟೆಗೆ ಎದ್ದು ಒಂಟೆ ದಾರಿಯಲ್ಲಿ ಹತ್ತಿ, ಬೆಳಕಾದ ಮೇಲೆ ಮೆಟ್ಟಿಲಲ್ಲಿ ಇಳಿಯಿರಿ. ಆಗಲೂ ಮಠವನ್ನು ಹಿಂದಿನ ಬೆಳಿಗ್ಗೆಯೇ ನೋಡಿ ಮುಗಿಸಿರಿ.

ಇಳಿಯುವುದು

ಸೂರ್ಯ ಮುಳುಗಿದ ಕೂಡಲೇ ಹೊರಡಿ. ಮಬ್ಬು ಬೆಳಕು ಇರುವಾಗಲೇ 750 ಮೆಟ್ಟಿಲು ಇಳಿದುಬಿಟ್ಟರೆ ಅರ್ಧ ಅಪಾಯ ಕಳೆದಂತೆ. ಒಂಟೆ ದಾರಿಗೆ ಬಂದ ಮೇಲೆ ಟಾರ್ಚ್ ಹಾಕಿ, ಬೆಟ್ಟದ ಗೋಡೆಯ ಕಡೆಗೇ ನಡೆಯಿರಿ. ಎದುರಿಗೆ ಒಂಟೆ ಬಂದರೆ ಗೋಡೆಗೆ ಒತ್ತಿ ನಿಲ್ಲಿ, ಕಂದಕದ ಕಡೆ ಸರಿಯಬೇಡಿ. ಮಠ ತಲುಪಲು ಸುಮಾರು ಎರಡು ಗಂಟೆ. ಊರಿಗೆ ಹೋಗಲು ಗಾಡಿ ಮೊದಲೇ ಹೇಳಿಡಿ, ರಾತ್ರಿ ಅಲ್ಲಿ ಸುಮ್ನೆ ನಿಂತರೆ ಏನೂ ಸಿಗುವುದಿಲ್ಲ.

ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಬೇಳೆ ಸೂಪು, ಬೇಯಿಸಿ ಅರೆದ ಬೀನ್ಸಿನ ಫೂಲ್, ಅದೇ ಕಾಳಿನ ವಡೆ ತಾಮಿಯಾ, ಅನ್ನ, ಸಲಾಡ್. ಕ್ಯಾಂಪಿನವರು ಬೋರಲು ಹಾಕಿದ ಕಬ್ಬಿಣದ ತಗಡಿನ ಮೇಲೆ ತೆಳುವಾಗಿ ಬೇಯಿಸುವ ಫರಾಶೀಹ್ ರೊಟ್ಟಿಯನ್ನು ಬಿಸಿ ಇರುವಾಗಲೇ ತಿನ್ನಿ. ಮಾಂಸದ ಸಾರು ಹಾಕದೆ ಮಾಡಿ ಎಂದು ಬೆಳಿಗ್ಗೆಯೇ ಹೇಳಿಡಬೇಕು, ಬಡಿಸುವ ಹೊತ್ತಿಗೆ ಹೇಳಿದರೆ ಆಗುವುದಿಲ್ಲ.

ಮೂರನೇ ದಿನ

ಕಾಲು ನೋಯುತ್ತಿದ್ದರೆ ವಾದಿ ಅರ್ಬಯೀನ್‌ಗೆ ಹೋಗಿ. ಊರಿನಿಂದ ನಡೆದೇ ಹೋಗುವ ಕಣಿವೆ, ಸಮತಟ್ಟು. ಮೋಶೆ ಕೋಲಿನಿಂದ ಹೊಡೆದು ನೀರು ತರಿಸಿದ ಬಂಡೆ ಎಂದು ತೋರಿಸುವ ಕಲ್ಲು ಅಲ್ಲಿದೆ. ಹಳೆಯ ಆಲಿವ್ ತೋಟಗಳೂ ಇವೆ.

ಕಾಲಿನಲ್ಲಿ ಇನ್ನೂ ಬಲ ಇದ್ದರೆ ಜೆಬೆಲ್ ಕತ್ರೀನಾ. 2,600 ಮೀಟರ್‌ಗಿಂತ ಎತ್ತರ. ಅಲೆಕ್ಸಾಂಡ್ರಿಯಾದಲ್ಲಿ ಕೊಲೆಯಾದ ಸಂತ ಕ್ಯಾಥರೀನಳ ದೇಹವನ್ನು ದೇವದೂತರು ಈ ತುದಿಗೆ ತಂದಿಟ್ಟರು, ಶತಮಾನಗಳ ಮೇಲೆ ಸನ್ಯಾಸಿಗಳಿಗೆ ಸಿಕ್ಕಿತು ಎಂಬುದು ನಂಬಿಕೆ. ಮಠಕ್ಕೆ ಆಕೆಯ ಹೆಸರು ಬಂದದ್ದು ಹಾಗೆ. ಪೂರ್ತಿ ಒಂದು ದಿನದ ಕೆಲಸ. ಗೂಡಂಗಡಿ ಇಲ್ಲ, ಊಟ ನೀರು ಎಲ್ಲ ಹೊತ್ತುಕೊಂಡೇ ಹೋಗಬೇಕು. ಇದನ್ನು ಹಿಡಿದರೆ ಊರಲ್ಲಿ ಮೂರನೇ ರಾತ್ರಿಯೂ ಉಳಿಯಬೇಕಾಗುತ್ತದೆ.

ಕೈರೋ ಬಸ್ಸು ಬೆಳಿಗ್ಗೆ ಬಹಳ ಬೇಗ ಹೊರಡುತ್ತದೆ. ಸಮಯವನ್ನು ಹಿಂದಿನ ಸಂಜೆಯೇ ಕ್ಯಾಂಪಿನವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ, ಎರಡು ರೊಟ್ಟಿ ಕಟ್ಟಿಸಿಕೊಳ್ಳಿ. ಪಾಸ್‌ಪೋರ್ಟ್ ಮತ್ತೆ ಕೈಗೆ ಸಿಗುವ ಕಿಸೆಯಲ್ಲಿ ಇರಲಿ.